ಮಗು ಮಾತು ತಡ, ಮನೇಲಿ ಕನ್ನಡ ಬಿಟ್ಟುಬಿಡೋದಾ?

ನಾನು ಸ್ಪೀಚ್ ಥೆರಪಿಸ್ಟ್ ಅಂತ ಗೊತ್ತಾದರೆ ಸಾಕು, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಈ ಪ್ರಶ್ನೆ ಬರುತ್ತದೆ. "ಪಾಪುಗೆ ಎರಡೂವರೆ ವರ್ಷ. ಮನೇಲಿ ಕನ್ನಡ, ನೋಡ್ಕೊಳ್ಳೋ ಆಂಟಿ ಹತ್ರ ತಮಿಳು, ಪ್ಲೇ ಸ್ಕೂಲಲ್ಲಿ ಇಂಗ್ಲಿಷ್. ಇಷ್ಟು ಭಾಷೆಗೆ ಕನ್‌ಫ್ಯೂಸ್ ಆಗಿ ಮಾತು ಬರ್ತಿಲ್ವಂತೆ. ಕನ್ನಡ ನಿಲ್ಲಿಸಿ ಬರೀ ಇಂಗ್ಲಿಷ್ ಮಾತಾಡಿ ಅಂದ್ರು. ಹಾಗೇ ಮಾಡೋದಾ?"

ಬೇಡ. ಎರಡು ಮೂರು ಭಾಷೆ ಕಿವಿಗೆ ಬೀಳುವುದರಿಂದ ಭಾಷೆಯ ತೊಂದರೆ ಹುಟ್ಟುವುದಿಲ್ಲ. ಮೊದಲೇ ತೊಂದರೆ ಇದ್ದರೆ, ಒಂದು ಭಾಷೆ ಕಿತ್ತುಕೊಂಡ ಮಾತ್ರಕ್ಕೆ ಅದು ಹೋಗುವುದೂ ಇಲ್ಲ.

ಇದನ್ನು ನಾನು ಸುಮ್ನೆ ಧೈರ್ಯ ತುಂಬೋಕೆ ಹೇಳುತ್ತಿಲ್ಲ. ಕೆನಡಾದ ಭಾಷಾ ಸಂಶೋಧಕಿ ಜೊಹಾನ್ ಪ್ಯಾರಡಿಸ್ ಮತ್ತು ಸಂಗಡಿಗರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಇದ್ದವರು ಏಳು ವರ್ಷದ ಆಸುಪಾಸಿನ, ಭಾಷಾ ತೊಂದರೆ ಇರುವ ಮಕ್ಕಳು. ಕೆಲವರು ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಬೆಳೆದವರು. ಉಳಿದವರಿಗೆ ಒಂದೇ ಭಾಷೆ. ಕ್ರಿಯಾಪದಕ್ಕೆ ಕಾಲ ಹಚ್ಚುವ ಕಡೆ ಎಲ್ಲರೂ ಎಡವುತ್ತಿದ್ದರು. ಆದರೆ ಎರಡು ಭಾಷೆಯ ಮಕ್ಕಳು ಒಂದೇ ಭಾಷೆಯವರಿಗಿಂತ ಜಾಸ್ತಿಯೇನೂ ಎಡವಲಿಲ್ಲ. ಎರಡು ಭಾಷೆಯವರು ಬರೀ 8 ಮಂದಿ, ಗುಂಪು ಚಿಕ್ಕದು ನಿಜ. ಆಮೇಲೆ ಬಂದ ಅಧ್ಯಯನಗಳೂ ಹೆಚ್ಚುಕಡಿಮೆ ಇದನ್ನೇ ಹೇಳಿವೆ.

"ಆದ್ರೆ ಎಲ್ಲ ಕಲಬೆರಕೆ ಮಾಡ್ತಾನಲ್ಲ?" ಅಂತ ಮುಂದಿನ ಪ್ರಶ್ನೆ. ಮಾಡಲಿ ಬಿಡಿ. "ಬಾಲ್‌ನ ಥ್ರೋ ಮಾಡ್ದೆ" ಅಂತ ಮಗು ಹೇಳಿತು ಅಂದುಕೊಳ್ಳಿ. ಇಂಗ್ಲಿಷಿನದು ಎರಡೇ ಪದ. ಬಾಲ್‌ಗೆ "ನ" ಸೇರಿದೆ. ಕರ್ಮ ಕ್ರಿಯಾಪದಕ್ಕಿಂತ ಮುಂಚೆ ಬಂದಿದೆ. ಥ್ರೋಗೆ "ಮಾಡು" ಸೇರಿ, ಅದಕ್ಕೆ ಭೂತಕಾಲ ಸೇರಿ, ಕೊನೆಗೆ "ನಾನು" ಅನ್ನುವುದನ್ನು ತೋರಿಸುವ ಪ್ರತ್ಯಯವೂ ಕೂತಿದೆ. ಇಷ್ಟೆಲ್ಲ ಸರಿಯಾಗಿ ಜೋಡಿಸಿದ ಮಗುವಿಗೆ ಕನ್ನಡ ವ್ಯಾಕರಣ ಬರುತ್ತದೆ ಅಂತಲೇ ಅರ್ಥ. ನಾವು ದೊಡ್ಡವರೂ ಆಫೀಸಲ್ಲಿ ಹೀಗೇ ಮಾತಾಡ್ತೀವಿ ಅಲ್ವಾ? ನಮ್ಮನ್ನು ಯಾರೂ ಥೆರಪಿಗೆ ಕಳಿಸುವುದಿಲ್ಲ.

ಕನ್ನಡ ನಿಲ್ಲಿಸಿದ ಮನೆಗಳಲ್ಲಿ ಏನಾಗುತ್ತದೆ ಅಂತ ನಾನು ನೋಡುತ್ತಿರುತ್ತೇನೆ. ನನ್ನ ಎದುರು ಕೂತ ಒಬ್ಬ ತಾಯಿ ಮಗುವಿನ ಜೊತೆ ಆಡಿದ ಇಂಗ್ಲಿಷ್ ಇಷ್ಟು: "ಕಮ್. ಸಿಟ್. ಡೋಂಟ್ ಟಚ್. ವಾಟ್ ಕಲರ್?" ಬರೀ ಅಪ್ಪಣೆ, ಮಧ್ಯೆ ಒಂದು ಪರೀಕ್ಷೆ. ಕನ್ನಡದಲ್ಲಿ ಮಾತಾಡಿ ಅಂದೆ. ತಕ್ಷಣ ಶುರು: "ನಿನ್ನೆ ಅಜ್ಜಿ ಮನೇಲಿ ಕರು ನಿನ್ ಕೈ ನೆಕ್ಕಿದಾಗ ಯಾಕೋ ಓಡ್ಬಂದೆ? ಅದೇನ್ ಕಚ್ಚುತ್ತಾ?" ಒಂದೇ ಉಸಿರಿಗೆ ನಿನ್ನೆಯ ವಿಷಯ, ಒಂದು "ಯಾಕೆ", ವಾಕ್ಯದೊಳಗೆ ಇನ್ನೊಂದು ವಾಕ್ಯ. ಮಗು ಇಂಥ ಮಾತು ಕೇಳಿಯೇ ವ್ಯಾಕರಣ ಕಟ್ಟಿಕೊಳ್ಳುವುದು. "ಕಮ್, ಸಿಟ್"ನಿಂದ ಏನು ಕಟ್ಟಿಕೊಳ್ಳಬೇಕು ಪಾಪ? ಅಜ್ಜಿ ತಾತನ ಜೊತೆ ಮಾತೇ ನಿಂತುಹೋಗುವುದು ಬೇರೆ.

ಹಾಗಂತ ಸುಮ್ಮನೆ ಕೂರಬೇಡಿ. ಭಾಷೆಯ ತೊಂದರೆ ನಿಜವಾಗಿ ಇರುವ ಮಕ್ಕಳೂ ಇದ್ದಾರೆ, ಕಡಿಮೆ ಸಂಖ್ಯೆಯಲ್ಲೇನಲ್ಲ. ಕಿವಿ ಸರಿಯಿದೆ, ಬುದ್ಧಿಮಾಂದ್ಯತೆ ಇಲ್ಲ, ಆಟಿಸಂ ಅಲ್ಲ. ಆದರೂ ಭಾಷೆ ಮಾತ್ರ ಸಲೀಸಾಗಿ ಹತ್ತುವುದಿಲ್ಲ. ಹಿಂದೆ ಇದಕ್ಕೆ ಹತ್ತಾರು ಹೆಸರಿದ್ದವು. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞೆ ಡೊರೊಥಿ ಬಿಷಪ್ ಮತ್ತು ಹಲವು ತಜ್ಞರು ಚರ್ಚೆ ಮಾಡಿ 2017ರಲ್ಲಿ ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್ ಅನ್ನುವ ಹೆಸರಿಗೆ ಒಪ್ಪಿದರು. ಡಿಎಲ್‌ಡಿ ಅಂತ ಚಿಕ್ಕದಾಗಿ ಕರೆಯುತ್ತೇವೆ. ಅಮೆರಿಕ, ಇಂಗ್ಲೆಂಡಿನ ಸಮೀಕ್ಷೆಗಳಲ್ಲಿ 100 ಮಕ್ಕಳಿಗೆ ಸುಮಾರು 7 ಮಕ್ಕಳಲ್ಲಿ ಇದು ಕಂಡಿದೆ. ಆದರೂ ಆಟಿಸಂ ಬಗ್ಗೆ ಕೇಳಿದವರು ಡಿಎಲ್‌ಡಿ ಹೆಸರು ಕೇಳಿರುವುದಿಲ್ಲ. ಇಂಥ ಮಗು ಶಾಲೆಯಲ್ಲಿ "ಗಮನ ಕೊಡಲ್ಲ", "ಸೋಮಾರಿ" ಅನ್ನಿಸಿಕೊಂಡು ಹಿಂದಿನ ಬೆಂಚಿಗೆ ಹೋಗುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ. ಮನೆಭಾಷೆಯನ್ನು ದೂರುತ್ತಾ ಕೂತರೆ ಕಳೆದುಹೋಗುವುದು ಈ ಮಕ್ಕಳ ಸಮಯ.

ಡಿಎಲ್‌ಡಿ ಇದ್ದರೆ ಅದು ಮಗುವಿನ ಎಲ್ಲ ಭಾಷೆಯಲ್ಲೂ ಕಾಣುತ್ತದೆ. ಕನ್ನಡ ಚೆನ್ನಾಗಿದ್ದು ಇಂಗ್ಲಿಷ್ ಮಾತ್ರ ಹಿಂದಿದ್ದರೆ, ಆ ಮಗು ಇಂಗ್ಲಿಷ್ ಸಾಕಷ್ಟು ಕೇಳಿಲ್ಲ, ಅಷ್ಟೇ. ಆದ್ದರಿಂದ ಎರಡನ್ನೂ ನೋಡಬೇಕು. ಪದ ಎಣಿಸುವಾಗಲೂ ಎರಡನ್ನೂ ಸೇರಿಸಿ. ಎರಡು ವರ್ಷಕ್ಕೆ 50 ಪದ ಇಲ್ಲದಿದ್ದರೆ, ಎರಡು ಪದ ಜೋಡಿಸದಿದ್ದರೆ ಒಮ್ಮೆ ತೋರಿಸಿ ಅನ್ನುತ್ತೇವೆ. ಕನ್ನಡದ 30, ಇಂಗ್ಲಿಷಿನ 25 ಇದ್ದ ಮಗುವಿಗೆ ಒಟ್ಟು 55. ಯಾವುದೋ ಒಂದನ್ನೇ ಎಣಿಸಿ ಗಾಬರಿಯಾಗಿ ಬರುವವರು ಬಹಳ. ತಡವಾಗಿ ಶುರು ಮಾಡಿದವರಲ್ಲಿ ಎಷ್ಟೋ ಮಕ್ಕಳು ತಾವಾಗೇ ಸರಿಹೋಗುತ್ತಾರೆ. ಆದರೆ ಯಾರು ಸರಿಹೋಗುತ್ತಾರೆ, ಯಾರು ಇಲ್ಲ ಅಂತ ಎರಡು ವರ್ಷಕ್ಕೇ ಖಚಿತವಾಗಿ ಹೇಳೋಕೆ ಆಗುವುದಿಲ್ಲ. "ಅವರಪ್ಪನೂ ಲೇಟಾಗೇ ಮಾತಾಡಿದ್ದು" ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಮನೆತನದಲ್ಲಿ ಇದ್ದರೆ ಇನ್ನೂ ಬೇಗ ತೋರಿಸಬೇಕು.

ಇಂಗ್ಲಿಷಿನ ಅಳತೆಗೋಲನ್ನು ಹಾಗೇ ತಂದು ಕನ್ನಡಕ್ಕೆ ಹಿಡಿಯುವುದೂ ತಪ್ಪು. ಡಿಎಲ್‌ಡಿ ಇರುವ ಇಂಗ್ಲಿಷ್ ಮಗು ಕ್ರಿಯಾಪದದ ಪ್ರತ್ಯಯ ಬಿಟ್ಟು ಬರೀ ಮೂಲರೂಪ ಹೇಳುತ್ತದೆ. ಕನ್ನಡದಲ್ಲಿ "ನೋಡಿದಳು" ಅನ್ನುವುದರ ಬಾಲ ಕತ್ತರಿಸಿದರೆ "ನೋಡು" ಉಳಿಯುತ್ತದೆ, ಅದು ಅಪ್ಪಣೆ. ಹಾಗಾಗಿ ನಮ್ಮ ಮಕ್ಕಳ ತೊಂದರೆಯನ್ನು ಬೇರೆ ಕಡೆಗಳಲ್ಲೂ ಹುಡುಕಬೇಕು. ಒಳ್ಳೆಯ ಸುದ್ದಿ ಅಂದರೆ, ಪ್ರತಿಭಾ ಕಾರಂತರ ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್‌ನಂಥ, ಕನ್ನಡಕ್ಕೆಂದೇ ಮಾಡಿದ ಪರೀಕ್ಷೆಗಳು ಇವೆ.

ಇನ್ನೊಂದು ಸಂಶೋಧನೆ ನನಗೆ ತುಂಬಾ ಇಷ್ಟ. ಅಮೆರಿಕದ ಸಂಶೋಧಕರಾದ ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೈಲಾ ಗ್ಲೈಟ್‌ಮನ್ ಕನ್ನಡದ ಮೂರು ವರ್ಷದ ಮಕ್ಕಳ ಜೊತೆ ಮಾಡಿದ್ದು, 2003ರಲ್ಲಿ ಪ್ರಕಟವಾಯಿತು. ಮಕ್ಕಳು ಕೇಳಿದ ವಾಕ್ಯವನ್ನು ಆಟದ ಪ್ರಾಣಿಗಳಿಂದ ಆಡಿ ತೋರಿಸಬೇಕು. ಏರು, ಏರಿಸು ಇದ್ದಂತೆ ಕೆಲವು ಕ್ರಿಯಾಪದಕ್ಕೆ, ಕೆಲಸ ಮಾಡಿಸುವುದನ್ನು ತೋರಿಸುವ "ಇಸು" ಇರುತ್ತಿತ್ತು, ಕೆಲವಕ್ಕೆ ಇಲ್ಲ. ದೊಡ್ಡವರು "ಇಸು" ಕಡೆ ಗಮನ ಕೊಟ್ಟರು. ಮಕ್ಕಳು ಅದನ್ನು ಲೆಕ್ಕಕ್ಕೇ ಇಡಲಿಲ್ಲ. ವಾಕ್ಯದಲ್ಲಿ ಎರಡು ಪ್ರಾಣಿಗಳ ಹೆಸರು ಬಂದರೆ ಒಂದರಿಂದ ಇನ್ನೊಂದಕ್ಕೆ ಕೆಲಸ ಮಾಡಿಸಿದರು. ಅಂದರೆ ಈ ಮಕ್ಕಳು ನಮ್ಮ ವ್ಯಾಕರಣವನ್ನು ಅರೆಬರೆ ಕಲಿತವರಲ್ಲ. ಆ ವಯಸ್ಸಿಗೆ ಅವರದೇ ಒಂದು ಲೆಕ್ಕಾಚಾರ ಇದೆ. ದೊಡ್ಡವರ ಹಾಗೆ ಅರ್ಥ ಮಾಡಿಕೊಳ್ಳದ ಪ್ರತಿಯೊಂದೂ ರೋಗಲಕ್ಷಣ ಅಲ್ಲ.

ಅನುಮಾನ ಇದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ಸ್ಪೀಚ್ ಥೆರಪಿಸ್ಟ್. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಎರಡೂ ಒಂದೇ ಕಡೆ ಆಗುತ್ತದೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇದ್ದರೆ, ಕನ್ನಡದ ಬಗ್ಗೆ ಒಂದೂ ಪ್ರಶ್ನೆ ಕೇಳದೆ ವರದಿ ಬರೆಯಲು ಬಿಡಬೇಡಿ. ಬರುವ ಮುಂಚೆ ಒಂದು ಕೆಲಸ ಮಾಡಿ: ಮಗು ಮನೆಯಲ್ಲಿ ಆರಾಮಾಗಿ, ಮನೆಯವರ ಜೊತೆ ಕನ್ನಡದಲ್ಲಿ ಹರಟುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿ ತನ್ನಿ. ನನ್ನ ರೂಮಿಗೆ ಬಂದ ಮೇಲೆ ಅರ್ಧ ಮಕ್ಕಳು ಬಾಯೇ ಬಿಡುವುದಿಲ್ಲ.