ಅಮ್ಮನ ಮಂಡಿಗೆ ಒಗ್ಗಿದ ಕಾಡುದಾರಿ

ಅಮ್ಮ ಕೆನಡಾದ ವ್ಯಾಂಕೂವರ್‌ಗೆ ಬಂದಾಗ ಅವಳ ಬಲಗಾಲಿನ ಮಂಡಿ ಆಪರೇಷನ್ ಆಗಿ ಎಂಟು ತಿಂಗಳಾಗಿತ್ತು. ದಿನಾ ನಡೆಯಬೇಕು, ಆದರೆ ಏರುತಗ್ಗಿನಲ್ಲಿ ಜಾಗ್ರತೆ ಎಂದು ಡಾಕ್ಟರ್ ಹೇಳಿ ಕಳಿಸಿದ್ದರು. ಮನೆ ಮುಂದಿನ ಫುಟ್‌ಪಾತ್‌ನಲ್ಲಿ ನಾಲ್ಕು ದಿನ ನಡೆದಳು. ಐದನೇ ದಿನ, "ಮರಗಿಡ ಇರೋ ಕಡೆ ಎಲ್ಲೂ ದಾರಿ ಇಲ್ವೇನೇ?" ಎಂದಳು.

ಇದ್ದೇ ಇತ್ತು. ಸ್ಟ್ಯಾನ್ಲಿ ಪಾರ್ಕ್. ಹೆಸರಿಗೆ ಪಾರ್ಕ್, ನಿಜಕ್ಕೂ ಕಾಡು. ಊರಿನ ನಡುಮಧ್ಯೆಗೆ ಅಂಟಿಕೊಂಡೇ ಸುಮಾರು 400 ಹೆಕ್ಟೇರ್‌ನ ಈ ಪಾರ್ಕ್ ಮೂರು ಕಡೆ ಕಡಲನ್ನು ಸುತ್ತಿಕೊಂಡು ನಿಂತಿದೆ. 1888ರಿಂದ ಜನರಿಗೆ ತೆರೆದಿರುವ ಜಾಗ. ನಾನು ಎಷ್ಟೋ ಸಲ ಹೋಗಿದ್ದೆ. ಆದರೆ ಪ್ರತಿ ಸಲವೂ ಎಷ್ಟು ಕಿಲೋಮೀಟರ್ ಆಯಿತು ಎಂದು ಫೋನ್ ನೋಡುತ್ತಾ ನಡೆದವಳು ನಾನು.

ಏಪ್ರಿಲ್‌ನ ಒಂದು ಬೆಳಿಗ್ಗೆ 19ನೇ ನಂಬರ್ ಬಸ್ ಹತ್ತಿದೆವು. ಬಸ್ಸು ಎತ್ತರದ ಕಟ್ಟಡಗಳ ಸಾಲು ದಾಟಿ ಪಾರ್ಕಿನ ಒಳಗೇ ಹೋಗಿ ನಿಲ್ಲುತ್ತದೆ. ಹಿಂದಿನ ದಿನ ಮಳೆ ಬಂದಿತ್ತು. ಇಳಿದ ತಕ್ಷಣ ಒದ್ದೆ ಮರದ ವಾಸನೆ. ಅಮ್ಮ ಅಲ್ಲೇ ನಿಂತು ಎರಡು ಸಲ ಉದ್ದಕ್ಕೆ ಉಸಿರೆಳೆದಳು.

ಮೊದಲು ಬೀವರ್ ಲೇಕ್. ಕೆರೆ ಸುತ್ತ ಒಂದು ಸುತ್ತು ಹಾಕಿದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್, ಎಲ್ಲಾ ಸಮತಟ್ಟು, ಸಣ್ಣ ಜಲ್ಲಿ ಹಾಸಿದ ದಾರಿ. ನಾನೊಬ್ಬಳೇ ಆದರೆ ಹನ್ನೆರಡು ನಿಮಿಷ. ಅಂದು ಒಂದು ಗಂಟೆ ಹಿಡಿಯಿತು. ಮಂಡಿ ನೋವಿನಿಂದ ಅಲ್ಲ. ಅಮ್ಮ ಹತ್ತು ಹೆಜ್ಜೆಗೊಮ್ಮೆ ಏನನ್ನಾದರೂ ನೋಡುತ್ತಾ ನಿಲ್ಲುತ್ತಿದ್ದಳು.

ಕೆರೆಯಂಚಿನ ಕೆಸರಿನಲ್ಲಿ ದೊಡ್ಡ ದೊಡ್ಡ ಹಸಿರು ಎಲೆಗಳ ನಡುವೆ ಹಳದಿ ಹೂವು ಎದ್ದು ನಿಂತಿದ್ದವು. ಒಂದೇ ಒಂದು ಹಳದಿ ಎಸಳು, ಒಳಗೆ ಒಂದು ದಿಂಡು. ಇಲ್ಲಿಯವರು ಇದನ್ನು ಸ್ಕಂಕ್ ಕ್ಯಾಬೇಜ್ ಅನ್ನುತ್ತಾರೆ. ಹತ್ತಿರ ಹೋದರೆ ಕೆಟ್ಟ ವಾಸನೆ. ನಾನು ಅಷ್ಟು ಹೇಳಿ ಮುಂದೆ ಹೊರಟಿದ್ದೆ.

"ಇದು ಕೆಸುವಿನ ಜಾತಿ ಕಣೇ. ಹೂವು ನೋಡು. ತಿಂದರೆ ಗಂಟಲು ತುರಿಸುತ್ತಾ?"

ಸುಮ್ನೆ ಹೇಳುತ್ತಿದ್ದಾಳೆ ಅಂದುಕೊಂಡೆ. ಫೋನಿನಲ್ಲಿ ಹುಡುಕಿದರೆ ಅವಳು ಹೇಳಿದ್ದು ಅಕ್ಷರಶಃ ನಿಜ. ಎರಡೂ ಒಂದೇ ಕುಟುಂಬದ ಗಿಡಗಳು. ಹಸಿ ಎಲೆ ತಿಂದರೆ ತುರಿಸುವುದೂ ನಿಜ, ಕೆಸುವಿನಲ್ಲಿ ಇರುವ ಸೂಜಿಯಂಥ ಹರಳುಗಳೇ ಇದರಲ್ಲೂ ಇವೆ. ಈ ಕರಾವಳಿಯ ಮೂಲ ಜನ ಇದರ ಎಲೆಯನ್ನು ಬುಟ್ಟಿಗೆ ಹಾಸಲು, ಆಹಾರ ಸುತ್ತಿಡಲು ಬಳಸುತ್ತಿದ್ದರಂತೆ. ಅಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿದ ನನಗೆ ಬರೀ ವಾಸನೆ ಗೊತ್ತಿತ್ತು. ಬಂದು ವಾರವೂ ಆಗದ ಅಮ್ಮನಿಗೆ ಅದರ ನೆಂಟಸ್ತಿಕೆ ಗೊತ್ತಾಯಿತು.

ಕೆರೆ ದಾಟಿದ ಮೇಲೆ ಒಂದು ಭಾರಿ ಬೊಡ್ಡೆ ಸಿಕ್ಕಿತು. ಸೀಡರ್ ಮರದ್ದು. ನಾಲ್ಕು ಜನ ಕೈ ಹಿಡಿದು ನಿಂತರೂ ತಬ್ಬಲಾಗದಷ್ಟು ದಪ್ಪ. ಅದರಲ್ಲಿ ಆಳೆತ್ತರಕ್ಕೆ ಎರಡು ಗೂಡು ಕೊರೆದಿದ್ದರು. "ಮರಕ್ಕೆ ಕಣ್ಣು ಯಾಕೆ ಕೊರೆದಿದ್ದಾರೆ?" ಎಂದಳು ಅಮ್ಮ. ಇದೊಂದು ನನಗೆ ಗೊತ್ತಿತ್ತು. ಪಾರ್ಕ್ ಆಗುವ ಮೊದಲು ಇಲ್ಲಿ ದೊಡ್ಡ ಮರಗಳನ್ನು ಕಡಿಯುತ್ತಿದ್ದರು. ಬುಡ ವಿಪರೀತ ದಪ್ಪ. ಹಾಗಾಗಿ ಮೇಲೆ ಗೂಡು ಕೊರೆದು, ಅದಕ್ಕೆ ಹಲಗೆ ಸಿಕ್ಕಿಸಿ, ಹಲಗೆಯ ಮೇಲೆ ನಿಂತು ಗರಗಸ ಎಳೆಯುತ್ತಿದ್ದರು. ಮರ ಹೋಗಿ ನೂರು ವರ್ಷ ದಾಟಿದೆ, ಆ ಗೂಡುಗಳು ಹಾಗೇ ಇವೆ. ಬೊಡ್ಡೆಯ ತಲೆ ಮೇಲೆ ಒಂದು ಹೆಮ್‌ಲಾಕ್ ಮರ ಬೆಳೆದು, ಬೇರುಗಳನ್ನು ಇಳಿಬಿಟ್ಟು ಹಳೇ ಮರವನ್ನು ಅಪ್ಪಿಕೊಂಡಿತ್ತು. ಅಮ್ಮ ಆ ಬೇರನ್ನು ಮುಟ್ಟಿ ನೋಡಿದಳು, ಏನೂ ಹೇಳಲಿಲ್ಲ.

ಸ್ವಲ್ಪ ಮುಂದೆ ಕಾಡು ಬಯಲಾಗಿತ್ತು. ಹೊಸದಾಗಿ ಕಡಿದ ಬೊಡ್ಡೆಗಳು. ಅಮ್ಮನ ಮುಖ ಸಣ್ಣಗಾಯಿತು. ಲೂಪರ್ ಎಂಬ ಹುಳು ಕೆಲವು ವರ್ಷ ಸತತವಾಗಿ ಹೆಮ್‌ಲಾಕ್ ಎಲೆಗಳನ್ನು ತಿಂದು, ಸುಮಾರು 1,60,000 ಮರಗಳು ಸತ್ತವು ಅಥವಾ ಸಾಯುವ ಹಂತಕ್ಕೆ ಬಂದವು. ಬರಗಾಲವೂ ಸೇರಿಕೊಂಡಿತ್ತು. ಒಣ ಮರ ಜನರ ಮೇಲೆ ಬೀಳಬಹುದು, ಬೆಂಕಿ ಹತ್ತಬಹುದು ಎಂದು 2023ರಿಂದ ಕಡಿಯುತ್ತಾ ಬಂದರು. ಇದನ್ನು ಒಪ್ಪದ ಜನರೂ ಬಹಳ. 2006ರ ಡಿಸೆಂಬರ್ ಬಿರುಗಾಳಿಗೆ ಇದೇ ಕಾಡಿನಲ್ಲಿ ಸುಮಾರು 10,000 ಮರಗಳು ಉರುಳಿದ್ದವು. ಆಗ ಕಾಡು ಚೇತರಿಸಿಕೊಂಡಿತು ಅನ್ನುತ್ತಾರೆ, ಈಗಲೂ ಸಸಿ ನೆಟ್ಟಿದ್ದಾರೆ. ಆದರೂ ಆ ಬಯಲಿನಲ್ಲಿ ನಿಂತಾಗ ನನಗೂ ಹೊಟ್ಟೆ ಚುರ್ ಅನ್ನುತ್ತದೆ.

ತಪ್ಪು ಮಾಡಿದ್ದು ಇದಾದ ಮೇಲೆ. ಕೆರೆಯಿಂದ ಕಡಲಿಗೆ ಇಳಿಯಲು ರವೀನ್ ಟ್ರೇಲ್ ಎಂಬ ದಾರಿ ಇದೆ, ಪಕ್ಕದಲ್ಲೇ ತೊರೆ ಹರಿಯುತ್ತದೆ. ಬಹಳ ಚಂದದ ದಾರಿ. ಚಿಕ್ಕದು, ಸುಲಭ, ಅದೂ ಇಳಿಜಾರು ಎಂದು ಅಮ್ಮನನ್ನು ಕರೆದುಕೊಂಡು ಹೋದೆ. ಅರ್ಧಕ್ಕೆ ಬರುವಷ್ಟರಲ್ಲಿ ಅವಳು ನನ್ನ ಭುಜ ಗಟ್ಟಿಯಾಗಿ ಹಿಡಿದಿದ್ದಳು. ಒದ್ದೆ ಎಲೆ ಬೇರೆ ಜಾರುತ್ತಿತ್ತು. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರವನ್ನೆಲ್ಲಾ ಮಂಡಿಯೇ ತಡೆದು ನಿಲ್ಲಿಸಬೇಕು. ಇದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ಹಿಂದಿನಿಂದ ಬಂದ ವಯಸ್ಸಾದ ಹೆಂಗಸೊಬ್ಬರು ತಮ್ಮ ಎರಡು ಊರುಗೋಲಿನಲ್ಲಿ ಒಂದನ್ನು ಅಮ್ಮನ ಕೈಗೆ ಕೊಟ್ಟು, ಅಡ್ಡಡ್ಡವಾಗಿ ಹೆಜ್ಜೆ ಇಡುವುದನ್ನು ತೋರಿಸಿದರು. ಭಾಷೆ ಬೇಕಾಗಲಿಲ್ಲ. ಕೆಳಗೆ ಮುಟ್ಟುವವರೆಗೂ ನಮ್ಮ ಜೊತೆಗೇ ಇದ್ದರು.

ಕಾಡು ಮುಗಿದದ್ದೇ ಕಡಲು. ಎದುರಿಗೆ ಹಿಮದ ಬೆಟ್ಟಗಳು, ಎಡಕ್ಕೆ 1938ರ ಲಯನ್ಸ್ ಗೇಟ್ ಸೇತುವೆ. ಇಲ್ಲಿಂದ ಸೀವಾಲ್, ಅಂದರೆ ಅಲೆ ತಡೆಯಲು ಕಟ್ಟಿದ ಕಲ್ಲಿನ ಗೋಡೆಯ ಮೇಲಿನ ದಾರಿ. ನಡೆಯುವವರು ನೀರಿನ ಕಡೆ, ಸೈಕಲ್‌ನವರು ಒಳಗಡೆ. ಜೇಮ್ಸ್ ಕನಿಂಗ್‌ಹ್ಯಾಮ್ ಎಂಬ ಕಲ್ಲುಕೆಲಸದ ಮೇಸ್ತ್ರಿ 32 ವರ್ಷ ಇದರ ಕೆಲಸದಲ್ಲೇ ಕಳೆದರು. ಪಾರ್ಕಿನ ಸುತ್ತು ಪೂರ್ತಿ ಆಗುವ ಮೊದಲೇ ತೀರಿಹೋದರು. ಅಮ್ಮ ಬೆಂಚಿನ ಮೇಲೆ ಕುಳಿತು ಮಂಡಿ ಒತ್ತಿಕೊಳ್ಳುವಾಗ ನಾನು ಬಗ್ಗಿ ಆ ಕಲ್ಲುಗಳನ್ನೇ ನೋಡುತ್ತಿದ್ದೆ. ಎಷ್ಟು ಒತ್ತಾಗಿ ಕೂರಿಸಿದ್ದಾರೆ!

ಬೆಂಚಿನಿಂದ ಬೆಂಚಿಗೆ ನಡೆದು ಲಂಬರ್‌ಮನ್ಸ್ ಆರ್ಚ್ ಎಂಬ ಜಾಗ ತಲುಪಿದೆವು. ಈಗ ಅಲ್ಲಿ ಹುಲ್ಲುಹಾಸು, ಟಾಯ್ಲೆಟ್ ಎಲ್ಲಾ ಇದೆ. ಹಿಂದೆ ಅದು ಮೂಲ ಜನರ ದೊಡ್ಡ ಹಳ್ಳಿ. ತಲೆಮಾರುಗಳಿಂದ ತಿಂದೆಸೆದ ಚಿಪ್ಪುಗಳು ದಿಬ್ಬವಾಗಿ ಬಿದ್ದಿದ್ದವು. ಪಾರ್ಕಿಗೆ ಮೊದಲ ರಸ್ತೆ ಮಾಡುವಾಗ ಆ ಚಿಪ್ಪುಗಳನ್ನೇ ಅಗೆದು ರಸ್ತೆಗೆ ಹಾಸಿದರು. ಹೇಳಿದಾಗ ಅಮ್ಮ ಕೇಳಿದ್ದು ಒಂದೇ: "ಆ ಮನೆಯವರೆಲ್ಲ ಎಲ್ಲಿಗೆ ಹೋದರು?" ಅವರನ್ನು ಇಲ್ಲಿಂದ ಎಬ್ಬಿಸಿ ಕಳಿಸಿದರು ಎಂದೆ. ಅವಳು ಹುಲ್ಲಿನ ಮೇಲೆ ಆಡುತ್ತಿದ್ದ ಮಕ್ಕಳನ್ನು ತುಂಬಾ ಹೊತ್ತು ನೋಡುತ್ತಾ ಕೂತಳು.

ಆ ರಾತ್ರಿ ಮಂಡಿಗೆ ಐಸ್ ಇಟ್ಟೆ. ಇನ್ನು ಬರುವುದಿಲ್ಲ ಅನ್ನುತ್ತಾಳೇನೋ ಎಂದು ಹೆದರಿದ್ದೆ. "ಅದೇ ದಾರಿ ಕೆಳಗಿಂದ ಹತ್ತಿದರೆ ಆಗಲ್ವಾ?" ಎಂದಳು.

ಹತ್ತು ದಿನ ಬಿಟ್ಟು ಹಾಗೇ ಮಾಡಿದೆವು. ಮೊದಲು ಕಡಲು, ಆಮೇಲೆ ತೊರೆಯ ಪಕ್ಕ ಮೇಲಕ್ಕೆ, ಕೊನೆಗೆ ಕೆರೆ. ಈ ಸಲ ಅವಳ ಕೈಯಲ್ಲಿ ಅವಳದೇ ಊರುಗೋಲು. ಎಲ್ಲೂ ನನ್ನ ಭುಜ ಹಿಡಿಯಲಿಲ್ಲ. ಕೆರೆಯಂಚಿನ ಹಳದಿ ಹೂವು ಬಾಡಿದ್ದವು, ಎಲೆಗಳು ಮಾತ್ರ ಇನ್ನೂ ಒಂದು ಗೇಣು ಜಾಸ್ತಿ ಬೆಳೆದಿದ್ದವು.