ಹಳೆಯ ಕಾರಿನ ಎಸಿ: ಗ್ಯಾಸ್ ತುಂಬುವ ಮೊದಲು ತೇವ ತೆಗೆಯಿರಿ

ಹದಿನೈದಿಪ್ಪತ್ತು ನಿಮಿಷ ಚೆನ್ನಾಗಿ ತಣ್ಣಗಿರುತ್ತದೆ, ಆಮೇಲೆ ಗಾಳಿ ಬೆಚ್ಚಗಾಗುತ್ತದೆ. ಎಸಿ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ ತಣ್ಣಗೆ. ಕಾಂಟೆಸ್ಸಾ, ಪ್ರೀಮಿಯರ್ 118 ಎನ್‌ಇ, ಡಬ್ಲ್ಯು 123 ಮರ್ಸಿಡಿಸ್, ಆರ್ 12 ಎಂಬ ಹಳೆಯ ಎಸಿ ಗ್ಯಾಸಿನ ಕಾಲದ ಗಾಡಿ ಯಾವುದೇ ಇರಲಿ, ಈ ದೂರು ಬಂದ ಕೂಡಲೇ ಗ್ಯಾಸ್ ಕಡಿಮೆಯಾಗಿದೆ ಎಂದು ಸಿಲಿಂಡರ್ ಹಚ್ಚಬೇಡಿ. ಮೊದಲು ಒತ್ತಡ ಅಳೆಯುವ ಗೇಜ್ ಹಾಕಿ.

ಕೂಲಿಂಗ್ ನಿಂತ ಹೊತ್ತಿನಲ್ಲಿ ಲೋ ಸೈಡ್ (ಕಡಿಮೆ ಒತ್ತಡದ ಬದಿ) ಮುಳ್ಳು ಸೊನ್ನೆಗಿಂತ ಕೆಳಗಿಳಿದರೆ, ಸಣ್ಣ ರಂಧ್ರದ ಮೂಲಕ ಗ್ಯಾಸ್ ಬಿಡುವ ಎಕ್ಸ್‌ಪಾನ್ಷನ್ ವಾಲ್ವ್ ಕಟ್ಟಿಕೊಂಡಿದೆ ಎಂದರ್ಥ. ಆಗಲೇ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ವಾಲ್ವ್ ಮೈಗೆ ಸುತ್ತಿ, ಅದರ ಉಷ್ಣತೆ ಗ್ರಹಿಸುವ ಬಲ್ಬಿಗೆ ತಾಗದಂತೆ ಎಚ್ಚರ ವಹಿಸಿ. ಒಂದೆರಡು ನಿಮಿಷದಲ್ಲಿ ಒತ್ತಡ ಮೇಲೆದ್ದರೆ ರಂಧ್ರದಲ್ಲಿ ಕಟ್ಟಿದ್ದು ಮಂಜುಗಡ್ಡೆ. ಏಳದಿದ್ದರೆ ಜಾಲರಿಯಲ್ಲಿ ಕಸ ಸಿಕ್ಕಿರಬಹುದು, ಇಲ್ಲವೇ ಬಲ್ಬಿನ ಗ್ಯಾಸ್ ಸೋರಿಹೋಗಿರಬಹುದು. ಬ್ಲೋವರ್ ಜೋರಾಗಿ ತಿರುಗುತ್ತಿದ್ದರೂ ಬೀಸುವ ಗಾಳಿಯೇ ಕಡಿಮೆಯಾದರೆ ಅದು ಬೇರೆ ಕಾಯಿಲೆ. ಆಗ ಗಾಳಿಯನ್ನು ತಣ್ಣಗಾಗಿಸುವ ಕಾಯಿಲ್ ಆದ ಇವಾಪೊರೇಟರ್ ಹೊರಮೈಯಲ್ಲಿ ಹಿಮ ಕಟ್ಟಿರುತ್ತದೆ, ಥರ್ಮೋಸ್ಟಾಟ್ ನೋಡಬೇಕು.

ಆರ್ 12 ತನ್ನೊಳಗೆ ನೀರನ್ನು ಕರಗಿಸಿಕೊಳ್ಳುವುದು ತೀರಾ ಕಡಿಮೆ. ಹಾಗಾಗಿ ತೇವ ಹೀರುವ ಡ್ರೈಯರ್ ಹಿಡಿಯಲಾಗದಷ್ಟು ತೇವ ಸೇರಿದರೆ ವಾಲ್ವ್ ಹತ್ತಿರ ಉಷ್ಣತೆ ಸೊನ್ನೆ ಡಿಗ್ರಿಗಿಂತ ಇಳಿದ ಕೂಡಲೇ ಬೇರ್ಪಟ್ಟು ಗಟ್ಟಿಯಾಗುತ್ತದೆ. ಆಮೇಲೆ ಬಂದ ಗ್ಯಾಸ್ ಆರ್ 134ಎ ಹೆಚ್ಚು ನೀರು ಕರಗಿಸಿಕೊಳ್ಳುವುದರಿಂದ ಈ ಲಕ್ಷಣ ಅಷ್ಟು ಬೇಗ ಕಾಣಿಸುವುದಿಲ್ಲ. ಆದರೆ ಹಾನಿ ನಿಲ್ಲುವುದಿಲ್ಲ. ತೇವ, ಬಿಸಿ, ಗ್ಯಾಸ್, ಎಣ್ಣೆ ಸೇರಿ ಆಮ್ಲ ಹುಟ್ಟುತ್ತದೆ. ಅದು ಅಲ್ಯೂಮಿನಿಯಂ ತಿನ್ನುತ್ತದೆ, ಎಣ್ಣೆಯನ್ನು ಕಪ್ಪು ಜಿಡ್ಡಾಗಿಸುತ್ತದೆ. ಕೂಲಿಂಗ್ ತೊಂದರೆಗಿಂತ ನನಗೆ ಹೆಚ್ಚು ಭಯ ಇದರದ್ದೇ, ಏಕೆಂದರೆ ಈ ಗಾಡಿಗಳ ಇವಾಪೊರೇಟರ್ ಇವತ್ತು ದುಡ್ಡು ಕೊಟ್ಟರೂ ಸುಲಭವಾಗಿ ಸಿಗುವುದಿಲ್ಲ.

ನೀರು ಒಳಗೆ ಬರುವ ದಾರಿಗಳಲ್ಲಿ ಮೊದಲನೆಯದು ಹಳೆಯ ರಬ್ಬರ್ ಹೋಸ್. ಒಳಗೆ ನೈಲಾನ್ ಪದರವಿಲ್ಲದ ಹೋಸ್ ಗ್ಯಾಸನ್ನು ಹೊರಗೆ ಬಿಡುತ್ತದೆ, ತೇವವನ್ನು ಒಳಗೆ ಎಳೆಯುತ್ತದೆ. ಬದಲಿಸುವಾಗ ಆ ಪದರವಿರುವ ಬ್ಯಾರಿಯರ್ ಹೋಸ್ ಮತ್ತು ಎಚ್‌ಎನ್‌ಬಿಆರ್ ರಬ್ಬರಿನ ಓ ರಿಂಗ್ ಹಾಕಿ. ಎರಡನೆಯದು ಎಣ್ಣೆ. ಕಂಪ್ರೆಸರ್‌ಗೆ ಹಾಕುವ ಸಿಂಥೆಟಿಕ್ ಪ್ಯಾಗ್ ಎಣ್ಣೆ ಗಾಳಿಯ ತೇವವನ್ನು ಬೇಗ ಹೀರುತ್ತದೆ. ಮುಚ್ಚಳ ತೆರೆದು ಬಿಟ್ಟ ಡಬ್ಬದ ಎಣ್ಣೆ ಹೊಸದಾಗಿ ಕಂಡರೂ ಉಪಯೋಗಕ್ಕಿಲ್ಲ. ಮಂಗಳೂರಿನ ಜುಲೈ ತಿಂಗಳಲ್ಲಿ ಕಳಚಿದ ಪೈಪಿನ ಬಾಯಿಗಳನ್ನು ಮುಚ್ಚದೆ ರಾತ್ರಿಯಿಡೀ ಬಿಟ್ಟರೆ ಒಳಗೆ ಎಷ್ಟು ತೇವ ಸೇರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ವ್ಯಾಕ್ಯೂಮ್, ಅಂದರೆ ಪಂಪ್ ಹಚ್ಚಿ ಒಳಗಿನ ಗಾಳಿ, ತೇವ ಹೊರಗೆಳೆಯುವುದು. ಹಳೇ ಫ್ರಿಜ್ ಕಂಪ್ರೆಸರ್ ಹಚ್ಚಿ ಹತ್ತು ನಿಮಿಷ ಎಳೆದರೆ ಗಾಳಿ ಹೋಗುತ್ತದೆ, ನೀರು ಹೋಗುವುದಿಲ್ಲ. 25 ಡಿಗ್ರಿಯಲ್ಲಿ ನೀರು ಕುದಿಯಬೇಕಾದರೆ ಒಳಗಿನ ಒತ್ತಡ ಸುಮಾರು 24 ಮಿಲಿಮೀಟರ್ ಪಾದರಸಕ್ಕಿಂತ ಕೆಳಗಿಳಿಯಬೇಕು, ಅಂದರೆ 24,000 ಮೈಕ್ರಾನ್. ಅದು ಕುದಿಯುವ ಆರಂಭ ಮಾತ್ರ. ನಾವು ಮುಟ್ಟಬೇಕಾದದ್ದು 500 ಮೈಕ್ರಾನ್. ಮುಳ್ಳಿನ ಗೇಜ್‌ಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಬೆಂಗಳೂರಿನ ಎತ್ತರ 900 ಮೀಟರ್ ದಾಟಿರುವುದರಿಂದ ಇಲ್ಲಿ ಪೂರ್ತಿ ವ್ಯಾಕ್ಯೂಮ್ ಎಂದರೂ ಮುಳ್ಳು ಪಾದರಸದ 27 ಇಂಚಿನ ಆಸುಪಾಸಿನಲ್ಲೇ ನಿಲ್ಲುತ್ತದೆ. 29 ಬರಲಿಲ್ಲ ಎಂದು ಒಳ್ಳೆಯ ಪಂಪನ್ನು ದೂರುವವರಿದ್ದಾರೆ. ಡಿಜಿಟಲ್ ಮೈಕ್ರಾನ್ ಗೇಜ್ ಇಟ್ಟುಕೊಳ್ಳಿ. ಅದನ್ನು ಪಂಪಿನ ಬಾಯಿಗಲ್ಲ, ಕಾರಿನ ಕಡೆಗೆ ಹಾಕಿ.

ಕ್ರಮ ಹೀಗೆ. ಲೀಕ್ ಪರೀಕ್ಷೆಗೆ ಒಣ ನೈಟ್ರೋಜನ್ ಅನ್ನು ರೆಗ್ಯುಲೇಟರ್ ಮೂಲಕ 150 ಪಿಎಸ್‌ಐ ತನಕ ಕೊಟ್ಟು ಸೋಪಿನ ನೀರು ಹಚ್ಚಿ. ಟೈರಿಗೆ ಹೊಡೆಯುವ ಕಂಪ್ರೆಸರ್ ಗಾಳಿ ಬೇಡ, ಅದರಲ್ಲೇ ನೀರಿರುತ್ತದೆ. ಆಕ್ಸಿಜನ್ ಎಂದೆಂದಿಗೂ ಕೂಡದು, ಎಣ್ಣೆ ಜೊತೆ ಸೇರಿ ಸ್ಫೋಟವಾಗುತ್ತದೆ. ಎಲ್ಲ ಜೋಡಣೆ ಮುಗಿದ ಮೇಲೆ ಕಟ್ಟಕಡೆಗೆ ಹೊಸ ಡ್ರೈಯರ್‌ನ ಮುಚ್ಚಳ ತೆಗೆದು ಕೂರಿಸಿ, ತಕ್ಷಣ ಪಂಪ್ ಚಾಲೂ ಮಾಡಿ. 1,500 ಮೈಕ್ರಾನ್ ಹತ್ತಿರ ಬಂದಾಗ ನಿಲ್ಲಿಸಿ, ನೈಟ್ರೋಜನ್ ಬಿಟ್ಟು ಸೊನ್ನೆ ಪಿಎಸ್‌ಐಗಿಂತ ತುಸು ಮೇಲೆ ತನ್ನಿ, ಮತ್ತೆ ಎಳೆಯಿರಿ. ಹೀಗೆ ಎರಡು ಸಲ ಮಾಡಿ, ಮೂರನೆಯ ಸಲ 500ಕ್ಕೆ ಇಳಿಸಿ.

ಗೇಜ್ 4,500 ಮೈಕ್ರಾನ್ ಸುತ್ತಮುತ್ತ ನಿಂತುಬಿಟ್ಟರೆ ಒಳಗೆ ನಿಂತ ನೀರು ಮಂಜುಗಡ್ಡೆಯಾಗುತ್ತಿರಬಹುದು, ಏಕೆಂದರೆ ಕುದಿಯುವ ನೀರು ತನ್ನ ಶಾಖವನ್ನೇ ಕಳೆದುಕೊಳ್ಳುತ್ತದೆ. ಆಗ ಪಂಪನ್ನು ಇನ್ನೂ ಒಂದು ಗಂಟೆ ಓಡಿಸಿ ಲಾಭ ಕಡಿಮೆ. ನೈಟ್ರೋಜನ್ ಬಿಡಿ, ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ, ಇಲ್ಲವೇ ಹೀಟರ್ ಹಾಕಿ ಇವಾಪೊರೇಟರ್ ಕಡೆ ಬೆಚ್ಚಗೆ ಮಾಡಿ. ಪಂಪಿನ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅಲ್ಲೇ ಬದಲಿಸಿ, ಇಲ್ಲದಿದ್ದರೆ ಪಂಪ್ ಆಳಕ್ಕೆ ಎಳೆಯುವುದಿಲ್ಲ.

500 ಮುಟ್ಟಿದ ಮೇಲೆ ಪಂಪಿನ ಕಡೆಯ ವಾಲ್ವ್ ಮುಚ್ಚಿ ಹದಿನೈದು ನಿಮಿಷ ನೋಡಿ. ಸ್ವಲ್ಪ ಏರಿ 1,500ರ ಸುತ್ತ ನಿಂತರೆ ತೇವ ಉಳಿದಿದೆ. ನಿಲ್ಲದೆ ಏರುತ್ತಲೇ ಹೋದರೆ ಲೀಕ್. ಆದರೆ ಹಳೆಯ ಕಂಪ್ರೆಸರ್‌ಗಳ ಶಾಫ್ಟ್ ಸೀಲ್ ಒಳಗಿನ ಒತ್ತಡ ತಡೆಯಲು ಮಾಡಿದ್ದು, ಹೊರಗಿನದ್ದನ್ನಲ್ಲ. ಗಂಟೆಗಟ್ಟಲೆ ವ್ಯಾಕ್ಯೂಮ್ ನಿಲ್ಲಲಿಲ್ಲ ಎಂದು ಕಂಪ್ರೆಸರ್ ಬಿಚ್ಚಬೇಡಿ. ನೈಟ್ರೋಜನ್ ಪರೀಕ್ಷೆಯ ಫಲಿತಾಂಶವನ್ನು ಹೆಚ್ಚು ನಂಬಿ.

134ಎಗೆ ಬದಲಿಸುವವರು ಡ್ರೈಯರ್ ವಿಷಯದಲ್ಲಿ ಕಂಜೂಸ್ ಮಾಡಬಾರದು. ಆರ್ 12ಗೆ ಬರುತ್ತಿದ್ದ ಎಕ್ಸ್‌ಎಚ್ 5 ಎಂಬ ತೇವ ಹೀರುವ ಕಾಳು 134ಎಗೆ ಸರಿಹೊಂದುವುದಿಲ್ಲ. ಎಕ್ಸ್‌ಎಚ್ 7 ಅಥವಾ 9 ಎಂದು ಕೇಳಿ ತನ್ನಿ. ಗ್ಯಾಸ್ ಹಳೆಯ ತೂಕದ ಶೇಕಡಾ 80ರಿಂದ 85 ಸಾಕು. ತಕ್ಕಡಿ ಇಟ್ಟೇ ತುಂಬಿ. ಕೆಲಸ ಮುಗಿದ ಮೇಲೆ ಎಣ್ಣೆಯ ಬಗೆ, ಗ್ಯಾಸಿನ ತೂಕ, ಡ್ರೈಯರ್ ಹಾಕಿದ ತಾರೀಖು, ಕೊನೆಯ ಮೈಕ್ರಾನ್ ಅಂಕಿ, ಈ ನಾಲ್ಕನ್ನೂ ಬರೆದು ಬಾನೆಟ್ ಒಳಗೆ ಅಂಟಿಸಿ. ಮುಂದೆ ಗೇಜ್ ಹಾಕುವವನಿಗೆ ಮೊದಲು ಬೇಕಾಗುವುದು ಅದೇ ಚೀಟಿ.