ಡೋನಟ್ ಅಂಗಡಿಯ ನಡುರಾತ್ರಿ

ದಕ್ಷಿಣ ಕ್ಯಾಲಿಫೋರ್ನಿಯಾದ ಕಾಂಬೋಡಿಯನ್ ಕುಟುಂಬಗಳ ಡೋನಟ್ ಅಂಗಡಿಯಲ್ಲಿ ದಿನ ಶುರುವಾಗುವುದು ನಡುರಾತ್ರಿಗೆ. ಬೆಳಗಿನ ಜಾವ ಐದಕ್ಕೆ ಗಾಜಿನ ಕಪಾಟು ತುಂಬಿರಬೇಕು.

ಮೊದಲು ಯೀಸ್ಟ್ ಹಾಕಿದ ಹಿಟ್ಟು. ನಾದಿ ಮುಗಿದಾಗ ಅದು ಸುಮಾರು 26 ಡಿಗ್ರಿ ಸೆಲ್ಸಿಯಸ್ ಇರಬೇಕು. ಅದಕ್ಕೇ ಸೆಕೆಗಾಲದಲ್ಲಿ ತಣ್ಣೀರು, ಚಳಿಯಲ್ಲಿ ಬೆಚ್ಚನೆಯ ನೀರು. ಸ್ವಲ್ಪ ಹೊತ್ತು ಬಿಟ್ಟು, ಅರ್ಧ ಇಂಚು ದಪ್ಪಕ್ಕೆ ಲಟ್ಟಿಸಿ, ಬಳೆಯಾಕಾರಕ್ಕೆ ಕತ್ತರಿಸಿ, ಬೆಚ್ಚಗೆ ತೇವವಿರುವ ಪೆಟ್ಟಿಗೆಯಲ್ಲಿ ಅರ್ಧ ಮುಕ್ಕಾಲು ಗಂಟೆ ಉಬ್ಬಲು ಇಡುತ್ತಾರೆ. ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ ಮೇಲೆದ್ದರೆ ಹದ ಬಂದಿದೆ. ತಟ್ಟನೆ ಎದ್ದರೆ ಇನ್ನೂ ಕಾಯಬೇಕು. ಏಳದೇ ಉಳಿದರೆ ಹದ ಮೀರಿದೆ. ಕರಿಯುವಾಗ ಕುಸಿದು ಸುಕ್ಕಾಗುತ್ತದೆ.

ಕರಿಯುವುದು 190 ಡಿಗ್ರಿಯಲ್ಲಿ, ಒಂದೊಂದು ಮಗ್ಗುಲಿಗೆ ಸುಮಾರು ಒಂದು ನಿಮಿಷ. ಒಮ್ಮೆಗೇ ತುಂಬ ಹಾಕಿದರೆ ಕಾವು ಇಳಿದು ಡೋನಟ್ ಜಿಡ್ಡು ಹೀರುತ್ತದೆ. ತಣಿದರೆ ಗಟ್ಟಿಯಾಗುವ ಕೊಬ್ಬನ್ನೇ ಬಳಸುವುದು ಉತ್ತಮ. ತೆಳು ಎಣ್ಣೆ ಹೊರಕ್ಕೆ ಜಿನುಗಿ ಸಕ್ಕರೆಯ ಲೇಪ ಜಾರುತ್ತದೆ. ಚೆನ್ನಾಗಿ ಉಬ್ಬಿದ ಡೋನಟ್‌ಗೆ ನಡುವಿನಲ್ಲಿ ಬಿಳಿ ಪಟ್ಟಿ ಉಳಿಯುತ್ತದೆ, ಅನುಭವಿಗಳ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಇಷ್ಟು ದುಡಿಮೆಗೆ ಕೂಲಿಯಾಳು ಇಟ್ಟರೆ ಲಾಭವೇ ಉಳಿಯುವುದಿಲ್ಲ. ಗಂಡ ಒಲೆಯ ಮುಂದೆ, ಹೆಂಡತಿ ಕೌಂಟರಿನಲ್ಲಿ, ಮಕ್ಕಳು ಶಾಲೆಗೆ ಮುನ್ನ ಡಬ್ಬಿ ಮಡಚುತ್ತ. ಬಿಳಿ ಡಬ್ಬಿಗಿಂತ ಅಗ್ಗವೆಂದು ಹಿಡಿದ ಗುಲಾಬಿ ರಟ್ಟು ಈಗ ಆ ಸೀಮೆಯ ಗುರುತೇ ಆಗಿದೆ.

ಈ ದಾರಿ ತೋರಿಸಿದವರಲ್ಲಿ ಟೆಡ್ ನೋಯ್ ಮುಖ್ಯರು. 1975ರಲ್ಲಿ ಖಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಡೆ ಕಾಂಬೋಡಿಯಾದ ರಾಜಧಾನಿ ನಾಂ ಪೆನ್ ಹಿಡಿದಾಗ ನಿರಾಶ್ರಿತರಾಗಿ ಕ್ಯಾಲಿಫೋರ್ನಿಯಾದ ಸೇನಾ ನೆಲೆ ಕ್ಯಾಂಪ್ ಪೆಂಡಲ್‌ಟನ್‌ಗೆ ಬಂದರು, ವಿಂಚೆಲ್ಸ್ ಎಂಬ ಡೋನಟ್ ಸರಣಿಯ ಅಂಗಡಿಯಲ್ಲಿ ಕೆಲಸ ಕಲಿತರು, 1977ರಲ್ಲಿ ಲಾ ಹಾಬ್ರಾದ ಕ್ರಿಸ್ಟೀಸ್ ಡೋನಟ್ಸ್ ಕೊಂಡರು. ಆಮೇಲೆ ಒಂದೊಂದೇ ಅಂಗಡಿ ಕೊಂಡು, ಹೊಸದಾಗಿ ಬಂದ ಕುಟುಂಬಗಳಿಗೆ ಕೆಲಸ ಕಲಿಸಿ ಗುತ್ತಿಗೆಗೆ ಬಿಟ್ಟರು. ಜೂಜಿನಲ್ಲಿ ಅವರ ಆಸ್ತಿ ಕರಗಿತು. ಅವರಿಂದ ಕಲಿತವರ ಅಂಗಡಿಗಳು ಉಳಿದವು.

ಬ್ಯಾಂಕು ಸಾಲ ಕೊಡದ ಕಡೆ ಕೈಹಿಡಿದದ್ದು ತೋಂಗ್‌ಟೀನ್, ನಮ್ಮ ಚೀಟಿಯ ಹಾಗೆ. ತಿಂಗಳಿಗೊಮ್ಮೆ ಎಲ್ಲರೂ ಹಣ ಹಾಕುತ್ತಾರೆ, ಒಬ್ಬರು ಎತ್ತುತ್ತಾರೆ. ಕಾಗದಪತ್ರವಿಲ್ಲ. ಎತ್ತಿದವರು ಕಂತು ನಿಲ್ಲಿಸಿದರೆ ಚೀಟಿ ನಡೆಸುವವರೇ ತುಂಬಬೇಕು, ಆದ್ದರಿಂದ ಬಳಗ ಗೊತ್ತಿದ್ದವರನ್ನಷ್ಟೇ ಸೇರಿಸಿಕೊಳ್ಳುವುದು.

ಮಕ್ಕಳು ಓದಿ ಬೇರೆ ಕೆಲಸ ಹಿಡಿದಾಗ ಎಷ್ಟೋ ಅಂಗಡಿಗಳು ಕೈಬದಲಾದವು. ಅದನ್ನು ಸೋಲೆಂದು ನಾನು ಎಣಿಸುವುದಿಲ್ಲ, ಹೆತ್ತವರು ರಾತ್ರಿ ನಿದ್ದೆಗೆಟ್ಟದ್ದು ಅದಕ್ಕಾಗಿಯೇ.